ನೀರಿನ ಇಂಗ್ಲಿಷ್

ನನಗೊಂದು ಕೆಟ್ಟ ಚಾಳಿ ಇದೆ. ಬಸ್ಸಿನಲ್ಲಿ ಹಿಂದಿನ ಸೀಟಿನವರು ನನಗೆ ಗೊತ್ತಿಲ್ಲದ ಭಾಷೆಯಲ್ಲಿ ಮಾತಾಡತೊಡಗಿದರೆ ನನ್ನ ಕಿವಿ ತಾನಾಗಿ ಹಿಂದಕ್ಕೆ ಹೊರಳುತ್ತದೆ. ಗೊತ್ತಿರುವ ಭಾಷೆಯಾದರೆ ಈ ಉಪದ್ರವಿಲ್ಲ. ಅವರ ಮನೆಯ ಸೊಸೆಯ ಸುದ್ದಿ, ಸೊಂಟನೋವಿನ ಸುದ್ದಿ ಎರಡು ನಿಮಿಷಕ್ಕೆ ಸಾಕಾಗಿ ನಾನು ಕಿಟಕಿಯ ಹೊರಗೆ ನೋಡುತ್ತೇನೆ. ಅರ್ಥವಾಗದಿದ್ದರೆ ಮಾತ್ರ ಅವರು ಏನೋ ಘನವಾದದ್ದನ್ನೇ ಆಡುತ್ತಿದ್ದಾರೆ, ಬಹುಶಃ ನನ್ನ ವಿಷಯವನ್ನೇ, ಎಂಬ ಗುಮಾನಿ. ಮೊನ್ನೆ ಮಂಗಳೂರಿನಿಂದ ಬರುವಾಗ ಕಬಕದಲ್ಲಿ ಹತ್ತಿದ ಇಬ್ಬರು ಹೆಂಗಸರು ಸವಣೂರಿನಲ್ಲಿ ಇಳಿಯುವವರೆಗೂ ಯಾವುದೋ ಭಾಷೆಯಲ್ಲಿ ನಕ್ಕು ನಕ್ಕು ಮಾತಾಡಿದರು. ಅಷ್ಟರಲ್ಲಿ ನಾನು ನನ್ನ ಸೆರಗು ಸರಿಯಿದೆಯೇ ಎಂದು ಮೂರು ಸಲ ನೋಡಿಕೊಂಡಿದ್ದೆ.

ಈ ಚಾಳಿ ನಮ್ಮ ಮನೆತನದ್ದೇ ಇರಬೇಕು. ನಮ್ಮ ಕಡೆಯವರಿಗೆ ಭಾಷೆಗಳ ಬರವೇನಿಲ್ಲ. ಮನೆಯಲ್ಲೊಂದು, ಗದ್ದೆಯಲ್ಲೊಂದು, ಶಾಲೆಯಲ್ಲೊಂದು, ಪೇಟೆಯಲ್ಲಿ ಇನ್ನೆರಡು. ಆದರೂ ಬಾರದ ಒಂದು ಭಾಷೆಯ ಮೇಲೆ ಎಲ್ಲರಿಗೂ ಆಸೆ. ನನ್ನ ಅವ್ವನಿಗೆ ಕೊಂಕಣಿಯ ಆಸೆ. ಪುತ್ತೂರಿನ ಜವಳಿ ಅಂಗಡಿಯಲ್ಲಿ ಅವ್ವ ಸೀರೆಯ ಬೆಲೆ ಕೇಳಿದ ಕೂಡಲೇ ಅಂಗಡಿಯ ಅಣ್ಣ ತಮ್ಮನಿಗೆ ಕೊಂಕಣಿಯಲ್ಲಿ ಏನೋ ಅನ್ನುತ್ತಿದ್ದ. “ಆ ಒಂದು ಮಾತು ತಿಳಿದಿದ್ದರೆ ನಾನು ಇಷ್ಟು ಹೊತ್ತು ಚರ್ಚೆ ಮಾಡ್ಬೇಕಿತ್ತಾ?” ಎಂದು ಅವ್ವ ದಾರಿಯುದ್ದಕ್ಕೂ ಹಲುಬುತ್ತಿದ್ದಳು.

ಅಪ್ಪನಿಗೆ ಮಲಯಾಳದ್ದು. ಒಂದು ಬೇಸಿಗೆಯಲ್ಲಿ ನಮ್ಮ ಮನೆಗೆ ಮರ ಕೊಯ್ಯಲು ಮಲಯಾಳ ಸೀಮೆಯಿಂದ ಇಬ್ಬರು ಬಂದಿದ್ದರು. ಗರಗಸದ ಆ ತುದಿಯಲ್ಲೊಬ್ಬ, ಈ ತುದಿಯಲ್ಲೊಬ್ಬ. ಎಳೆಯುವಾಗ ಒಂದು ಮಾತು, ತಳ್ಳುವಾಗ ಒಂದು ಮಾತು. ಆ ಮಾತುಗಳ ನಡುವೆ ‘ವಯರ್’ ಎಂಬ ಶಬ್ದ ಮತ್ತೆ ಮತ್ತೆ ಬರುತ್ತಿತ್ತು. ಅಪ್ಪ ಎರಡು ದಿನ ಸಹಿಸಿ, ಮೂರನೆಯ ದಿನ ಬಟ್ಟೆಯ ಗಂಟು ಹೊತ್ತು ಬಂದ, ಮಲಯಾಳ ಬಲ್ಲ ಬ್ಯಾರಿಗಳೊಬ್ಬರನ್ನು ಗುಟ್ಟಾಗಿ ಕರೆದು ಕೇಳಿದರು. “ವಯರ್ ಅಂದ್ರೆ ಹೊಟ್ಟೆ ಗೌಡ್ರೆ” ಅಂದರು ಅವರು. ಅಪ್ಪ ತಮ್ಮ ಹೊಟ್ಟೆಯನ್ನು ನೋಡಿಕೊಂಡು ಕಪ್ಪಿಟ್ಟುಹೋದರು. ಬ್ಯಾರಿಗಳು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, “ನಿಮ್ಮದಲ್ಲ ಮಾರಾಯ್ರೆ, ಅವರದ್ದು. ನಿಮ್ಮಲ್ಲಿಯ ಹಲಸಿನಕಾಯಿ ಪಲ್ಯ ತಿಂದು ಮೂರು ದಿವಸದಿಂದ ಕೆಟ್ಟಿದೆಯಂತೆ” ಎಂದರು. ಅವತ್ತು ಮಧ್ಯಾಹ್ನ ಮರ ಕೊಯ್ಯುವವರಿಗೆ ಗಂಜಿ, ಉಪ್ಪಿನಕಾಯಿ ಬಡಿಸಲಾಯಿತು.

ಆದರೆ ನಾನು ಹೇಳಹೊರಟದ್ದು ನನ್ನ ದೊಡ್ಡವ್ವನ ವಿಷಯ. ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ, ಪೂವಮ್ಮ. ಪಂಜದ ಹತ್ತಿರ ನಮ್ಮ ಮನೆ ತೋಡಿನ, ಎಂದರೆ ಹಳ್ಳದ, ಈಚೆ, ಅವರ ಮನೆ ಆಚೆ. ದೊಡ್ಡಪ್ಪ ತೀರಿಹೋಗಿ ಆರೇಳು ವರ್ಷವಾಗಿತ್ತು. ಒಬ್ಬಳೇ ಮಗಳನ್ನು ಮಡಿಕೇರಿ ಕಡೆಗೆ ಕೊಟ್ಟಾಗಿತ್ತು. ಒಂದು ಜತೆ ಎತ್ತು, ಒಂದು ಎಮ್ಮೆ, ಮೂರು ದೊಡ್ಡ ಗದ್ದೆ, ಇಷ್ಟನ್ನು ದೊಡ್ಡವ್ವ ಒಬ್ಬರೇ ನಡೆಸುತ್ತಿದ್ದರು. ಮನೆಯೊಳಗೆ ನಮ್ಮ ಗೌಡರ ಮನೆಮಾತು ಅರೆಭಾಷೆ, ಕೆಲಸದವರೊಡನೆ ತುಳು, ಶಾಲೆಯ ಮಾಸ್ಟ್ರು ಸಿಕ್ಕಿದರೆ ಪುಸ್ತಕದ ಕನ್ನಡ, ಮರ ಕೊಯ್ಯುವವರು ಬಂದರೆ ಹರಕುಮುರುಕು ಮಲಯಾಳ. ನಾಲ್ಕು ಭಾಷೆಗಳಲ್ಲಿ ಗದರಿಸಬಲ್ಲವರು. ಎಮ್ಮೆಯೊಡನೆ ಮಾತ್ರ ಯಾವಾಗಲೂ ತುಳು. “ಅದಕ್ಕೆ ಅದೇ ಅರ್ಥ ಆಗುದು” ಎನ್ನುತ್ತಿದ್ದರು. ಅವರು ನನ್ನೊಡನೆ ಆಡುತ್ತಿದ್ದದ್ದು ಅರೆಭಾಷೆ. ನಿಮಗಾಗಿ ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಅವರಿಗೆ ಬರುತ್ತಿರಲಿಲ್ಲ. ಬೇಕೆಂದೂ ಇರಲಿಲ್ಲ, ಸುಬ್ಬಪ್ಪ ಗೌಡರು ಕಣಿ ಮುಚ್ಚುವವರೆಗೆ.

ಕಣಿ ಎಂದರೆ ಸಣ್ಣ ಕಾಲುವೆ. ಮಳೆಗಾಲ ಮುಗಿದ ಮೇಲೆ ತೋಡಿಗೆ ಕಲ್ಲುಮಣ್ಣಿನ ಕಟ್ಟ ಹಾಕಿ, ನಿಂತ ನೀರನ್ನು ಕಣಿಗೆ ತಿರುಗಿಸಿ, ವರ್ಷದ ಎರಡನೆಯದಾದ ಸುಗ್ಗಿ ಬೆಳೆಗೆ ಉಣ್ಣಿಸುವುದು ನಮ್ಮಲ್ಲಿಯ ಪದ್ಧತಿ. ದೊಡ್ಡವ್ವನ ಗದ್ದೆಗೆ ಬರುವ ಕಣಿ ಮೇಲಿನ ಮನೆಯವರ ಜಾಗದ ಅಂಚಿನಲ್ಲಿ ಹಾದು ಬರುತ್ತಿತ್ತು. ದೊಡ್ಡಪ್ಪನ ಅಜ್ಜನ ಕಾಲದಿಂದಲೂ ಹಾಗೆಯೇ. ಮೇಲಿನ ಮನೆಯ ಹಳಬರು ಜಾಗ ಮಾರಿ ಹೋದರು, ಸುಬ್ಬಪ್ಪ ಗೌಡರು ಕೊಂಡುಕೊಂಡರು. ಮನುಷ್ಯ ಕೆಟ್ಟವರೇನಲ್ಲ. ಆದರೆ ಹೊಸದಾಗಿ ಜಾಗ ಕೊಂಡವರಿಗೆ ಬೇಲಿಯ ಮೇಲೆ ಒಂದು ಬಗೆಯ ಮೋಹ ಇರುತ್ತದೆ. ಎರಡನೆಯ ವರ್ಷ ಕಣಿಯ ಬಾಯಿಗೆ ಕಲ್ಲು ತುಂಬಿಸಿ, ಮೇಲಿಂದ ಬೇಲಿ ಹಾಕಿಸಿಬಿಟ್ಟರು. ಆ ವರ್ಷ ದೊಡ್ಡವ್ವನಿಗೆ ಸುಗ್ಗಿ ಬೆಳೆ ಇಲ್ಲ. ಮೂರು ಗದ್ದೆಗಳೂ ಒಣಗಿ ಕಾಲಿಟ್ಟರೆ ಹಿಮ್ಮಡಿ ಸಿಕ್ಕಿಹಾಕಿಕೊಳ್ಳುವಷ್ಟು ಬಿರುಕು ಬಿಟ್ಟವು. ದೊಡ್ಡವ್ವ ದಿನಾ ಬೆಳಿಗ್ಗೆ ಹೋಗಿ ಅವನ್ನು ನೋಡಿ ಬರುತ್ತಿದ್ದರು, ಕಾಯಿಲೆಯವರನ್ನು ನೋಡಿ ಬರುವ ಹಾಗೆ.

“ರಾಜಿ ಮಾಡ್ಕೊಳ್ಳಿ ಅತ್ತಿಗೆ. ಒಂದು ಬೆಳೆ ಬಂದರೂ ನಿಮಗೊಬ್ಬರಿಗೆ ಸಾಕಲ್ಲ” ಅಂದರು ಅಪ್ಪ.

“ನನಗೆ ಸಾಕು. ಗದ್ದೆಗೆ ಸಾಕಾ?” ಅಂದರು ದೊಡ್ಡವ್ವ.

ಹೀಗೆ ದಾವೆ ಹೂಡಿದ್ದಾಯಿತು. ಯಾವ ಕೋರ್ಟು, ಯಾವ ಜಡ್ಜು, ಯಾರು ವಕೀಲರು ಎಂದು ನಾನು ಹೇಳುವುದಿಲ್ಲ; ಎಲ್ಲರೂ ಒಳ್ಳೆಯವರೇ, ಈಗ ಯಾರೂ ಇಲ್ಲ. ನಾವು ಆಗ ಮದ್ರಾಸಿಗೆ ಸೇರಿದವರು. ಜಡ್ಜು ತಮಿಳು ಸೀಮೆಯವರು, ಬಂದು ಹೆಚ್ಚು ದಿನವಾಗಿರಲಿಲ್ಲ. ಕನ್ನಡ ಅರ್ಧ ಅರ್ಥವಾಗುತ್ತಿತ್ತು. ಉಳಿದ ಅರ್ಧವನ್ನು ಗುಮಾಸ್ತರು ಇಂಗ್ಲಿಷಿನಲ್ಲಿ ತಿಳಿಸುತ್ತಿದ್ದರು.

ಮೊದಲನೆಯ ದಿನ ದೊಡ್ಡವ್ವನ ಜೊತೆಗೆ ಹೋದವಳು ನಾನು. ನಾನು ಆಗಷ್ಟೇ ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಕಬಕದ ಸೋದರತ್ತೆಯ ಮನೆಯಲ್ಲಿ ನಿಂತು ಪುತ್ತೂರಿಗೆ ನಡೆದು ಓದಿದ್ದೆ. ಈಗ ಮನೆಯಲ್ಲಿ ಕೂತು, ಗಂಡಿನ ಕಡೆಯವರು ಯಾವಾಗ ಬರುತ್ತಾರೋ ಎಂದು ಕಾಯುವ ವಿದುಷಿ. ಕೋರ್ಟಿನಲ್ಲಿ ನಾವು ಹಿಂದಿನ ಬೆಂಚಿನಲ್ಲಿ ಕೂತೆವು. ಇಬ್ಬರು ವಕೀಲರೂ ಜಡ್ಜೂ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದರು. ನಡುವೆ ‘ಪೂವಮ್ಮ’ ಎಂಬ ಹೆಸರು ಬಂತು. ಆ ಕಡೆಯ ವಕೀಲರು ಏನೋ ಅಂದರು, ಎಲ್ಲರೂ ಸಣ್ಣಗೆ ನಕ್ಕರು. ದೊಡ್ಡವ್ವ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಎಸ್ಸೆಸ್ಸೆಲ್ಸಿಯಲ್ಲಿ ನಾನು ಓದಿದ ಇಂಗ್ಲಿಷಿಗೂ ಅಲ್ಲಿ ಹರಿಯುತ್ತಿದ್ದ ಇಂಗ್ಲಿಷಿಗೂ ಪರಿಚಯವೇ ಇದ್ದಂತಿರಲಿಲ್ಲ.

ಹೊರಗೆ ಬಂದ ನಮ್ಮ ವಕೀಲರನ್ನು ದೊಡ್ಡವ್ವ ತಡೆದು ನಿಲ್ಲಿಸಿದರು. “ಎಂತ ಹೇಳಿದ್ದು ಒಳಗೆ?”

“ಏನಿಲ್ಲಮ್ಮ, ತಾರೀಕು ಹಾಕಿದ್ರು.”

“ಅಷ್ಟು ಮಾತಿಗೆ ಒಂದು ತಾರೀಕಾ? ನಕ್ಕದ್ದು ಎಂತಕ್ಕೆ?”

“ಅದೆಲ್ಲ ನಿಮಗೆ ಅರ್ಥ ಆಗ್ಲಿಕ್ಕಿಲ್ಲಮ್ಮ” ಎಂದು ವಕೀಲರು ಹೋಗಿಯೇಬಿಟ್ಟರು.

ಬಸ್ಸು ಇಳಿದು ನಡೆದು ಬಂದೆವು. ತೋಡು ದಾಟುವ ಸಂಕದ ಮೇಲೆ ದೊಡ್ಡವ್ವ ನಿಂತರು. “ಕಮಲ, ಗದ್ದೆ ನನ್ನದು. ನೀರು ನನ್ನದು. ನಕ್ಕದ್ದು ನನ್ನ ಹೆಸರಿಗೆ. ನನಗೊಬ್ಬಳಿಗೆ ಮಾತ್ರ ಅದು ಗೊತ್ತಾಗಬಾರದಾ? ನಾಳೆಯಿಂದ ನಂಗೆ ಇಂಗ್ಲಿಷ್ ಕಲಿಸು.”

ನಾನು ನಕ್ಕೆ. ಅವರು ನಗಲಿಲ್ಲ.

ಮುಂದೆ ನಾನು ಟೀಚರಾಗಿ ಕಡಬದ ಕಡೆಯ ಶಾಲೆಗಳಲ್ಲಿ ಎಷ್ಟೋ ವರ್ಷ ಇಂಗ್ಲಿಷ್ ಕಲಿಸಿದೆ. ಆದರೆ ನನ್ನ ಮೊದಲ ವಿದ್ಯಾರ್ಥಿನಿಗೆ ಆಗ ನಲವತ್ತೆಂಟು ವರ್ಷ. ಎರಡನೆಯ ಕ್ಲಾಸಿನವರೆಗೆ ಕನ್ನಡ ಕಲಿತವರು. ಮಧ್ಯಾಹ್ನ ಊಟವಾದ ಮೇಲೆ ಅವರು ಅಂಗಳದಲ್ಲಿ ತೆಂಗಿನ ಮಡಲು ಹೆಣೆಯುತ್ತ ಕೂರುತ್ತಿದ್ದರು, ನಾನು ಎದುರಿಗೆ ಗಂಭೀರವಾಗಿ ಪುಸ್ತಕ ಹಿಡಿದು ಕೂರುತ್ತಿದ್ದೆ. ಮೊದಲನೆಯ ಪಾಠ ಬೆಕ್ಕಿನದ್ದು. ಬೆಕ್ಕು ಚಾಪೆಯ ಮೇಲೆ ಕೂತಿತು.

“ಬೆಕ್ಕು ಕೋರ್ಟಿಗೆ ಬರ್ತದಾ?”

“ಇಲ್ಲ ದೊಡ್ಡವ್ವ.”

“ಮತ್ತೆ ಅದು ಎಲ್ಲಿ ಬೇಕಾದರೂ ಕೂತುಕೊಳ್ಲಿ. ನನಗೆ ಕೋರ್ಟಿನ ಮಾತು ಕಲಿಸು.”

ಹಾಗಾಗಿ ನಮ್ಮ ಪಠ್ಯಪುಸ್ತಕ ಆದದ್ದು ದಾವೆಯ ಕಾಗದಗಳೇ. ವಕೀಲರಿಂದ ನಕಲು ತಂದಿದ್ದೆವು. ನನ್ನ ಹತ್ತಿರ ಒಂದು ಸಣ್ಣ ಡಿಕ್ಷನರಿ ಇತ್ತು, ಅದರ ಕೊನೆಯ ಕೆಲವು ಪುಟಗಳು ಹೋಗಿದ್ದವು. ಆದ್ದರಿಂದ ಡಬ್ಲ್ಯುವಿನ ನಂತರ ಬರುವ ಯಾವ ಶಬ್ದಕ್ಕೂ ನನ್ನಲ್ಲಿ ಅರ್ಥವಿರಲಿಲ್ಲ. ಇದ್ದ ಪುಟಗಳಲ್ಲಿ ಸಿಗದಿದ್ದುದನ್ನು ನಾನು ಧೈರ್ಯದಿಂದ ಊಹಿಸುತ್ತಿದ್ದೆ. ನಮ್ಮ ಕಾಗದದಲ್ಲಿ ಒಂದು ಕಡೆ, ವಾದಿಗೆ ಈ ನೀರಿನ ಹಕ್ಕು ‘ಬೈ ಪ್ರಿಸ್ಕ್ರಿಪ್ಶನ್’ ಬಂದಿದೆ ಎಂದು ಬರೆದಿತ್ತು. ಆ ಶಬ್ದ ನನಗೆ ಗೊತ್ತು! ಕಬಕದ ಅತ್ತೆಗೆ ಜ್ವರ ಬಂದಾಗ ಡಾಕ್ಟರು ಬರೆದುಕೊಟ್ಟದ್ದು ಅದನ್ನೇ.

“ಡಾಕ್ಟ್ರ ಚೀಟಿ ದೊಡ್ಡವ್ವ” ಅಂದೆ.

ದೊಡ್ಡವ್ವನ ಕೈ ಮಡಲಿನ ಮೇಲೆ ನಿಂತಿತು. “ನೀರಿಗೆ ಡಾಕ್ಟ್ರ ಚೀಟಿ ಎಂತಕ್ಕೆ ಮಾರಾಯ್ತಿ?”

“ಸರಕಾರದ ನಿಯಮ ಇರ್ಬೇಕು” ಅಂದೆ ನಾನು. ಗೊತ್ತಿಲ್ಲ ಎನ್ನುವುದಕ್ಕೆ ಎಸ್ಸೆಸ್ಸೆಲ್ಸಿ ಅಡ್ಡ ಬಂದಿತ್ತು.

ಮುಂದಿನ ಸಲ ವಕೀಲರ ಕಚೇರಿಗೆ ಹೋದಾಗ ದೊಡ್ಡವ್ವ ಕುರ್ಚಿಯಲ್ಲಿ ಕೂತವರೇ, “ಡಾಕ್ಟ್ರ ಚೀಟಿ ಯಾವಾಗ ತರಬೇಕು?” ಎಂದು ಕೇಳಿದರು. ವಕೀಲರಿಗೆ ಅರ್ಥವಾಗಲಿಲ್ಲ. ದೊಡ್ಡವ್ವ ಕಾಗದ ಬಿಡಿಸಿ ಆ ಶಬ್ದದ ಕೆಳಗೆ ಬೆರಳಿಟ್ಟರು. ವಕೀಲರು ಬೆರಳನ್ನೂ ಶಬ್ದವನ್ನೂ ನೋಡಿ ನಗತೊಡಗಿದರು, ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನಗೆ ಭೂಮಿ ಬಾಯಿ ತೆರೆದರೆ ಸಾಕಿತ್ತು. ಆಮೇಲೆ ಅವರ ನಗು ತಟಕ್ಕನೆ ನಿಂತಿತು.

“ಅಮ್ಮ, ಇದನ್ನು ನೀವು ಓದ್ತಾ ಇದ್ದೀರಾ?”

“ಇವಳು ಓದುದು. ನಾನು ಕೇಳುದು.”

ಅವತ್ತು ವಕೀಲರು ನಮಗೆ ಕಾಫಿ ತರಿಸಿದರು. ಬಹುಕಾಲ ತಡೆಯಿಲ್ಲದೆ ಅನುಭವಿಸಿಕೊಂಡು ಬಂದದ್ದರಿಂದ ಹುಟ್ಟುವ ಹಕ್ಕಿಗೆ ಕಾನೂನಿನಲ್ಲಿ ಆ ಹೆಸರು ಎಂದು ಬಿಡಿಸಿ ಹೇಳಿದರು. ಮತ್ತೆ ಸುಬ್ಬಪ್ಪ ಗೌಡರ ಕಡೆಯ ಉತ್ತರದ ಕಾಗದ ತೆಗೆದು, “ಅವರು ಹೇಳುದು ಇಷ್ಟೇ. ನೀವು ನೀರು ತೆಗೆದುಕೊಂಡದ್ದು ಹೌದು, ಆದರೆ ಅದು ಮೇಲಿನ ಮನೆಯವರ ಪರ್ಮಿಶನ್ ಮೇಲೆ. ಪರ್ಮಿಶನ್ ಇದ್ದಲ್ಲಿ ಹಕ್ಕಿಲ್ಲ. ಇಡೀ ಕೇಸು ಈ ಒಂದು ಶಬ್ದದ ಮೇಲೆ ನಿಂತಿದೆ” ಎಂದರು.

“ಪರ್ಮಿಶನ್ ಅಂದ್ರೆ?”

“ಅಪ್ಪಣೆ.”

ದೊಡ್ಡವ್ವ ಕಾಫಿಯ ಲೋಟ ಕೆಳಗಿಟ್ಟರು. “ಅಪ್ಪಣೆಯಾ! ಯಾರು? ಯಾರಿಗೆ?”

ಅವತ್ತಿನಿಂದ ಆ ಶಬ್ದ ದೊಡ್ಡವ್ವನ ಬಾಯಲ್ಲಿ ಎಲೆಅಡಿಕೆಯ ಹಾಗೆ ಕೂತುಬಿಟ್ಟಿತು. ಭತ್ತ ಕುಟ್ಟುವಾಗ ಪರ್ಮಿಶನ್, ಹಾಲು ಕರೆಯುವಾಗ ಪರ್ಮಿಶನ್. ತುಳು ಮಾತ್ರ ಬಲ್ಲ ಎಮ್ಮೆಯೂ ಆ ಶಬ್ದಕ್ಕೆ ಕಿವಿಯಾಡಿಸುತ್ತಿತ್ತು. ಪಾಠ ಮುಂದುವರಿಯಿತು. ವಾಟರ್, ಫೀಲ್ಡ್, ಇಯರ್, ಗ್ರಾಂಡ್‌ಫಾದರ್. ಗೋ, ಕಮ್, ಗಿವ್, ಟೇಕ್. ಒಂದು ದಿನ ‘ಟೆಲ್’ ಅಂದರೆ ಹೇಳು, ‘ಆಸ್ಕ್’ ಅಂದರೆ ಕೇಳು ಎಂದು ಹೇಳಿಕೊಟ್ಟೆ.

“ಯಾವ ಕೇಳು? ಕಿವಿಯಲ್ಲಿ ಕೇಳುದಾ, ಬಾಯಲ್ಲಿ ಕೇಳುದಾ?”

ಅಲ್ಲಿಯವರೆಗೆ ಅದು ನನಗೆ ಹೊಳೆದಿರಲಿಲ್ಲ. “ಬಾಯಲ್ಲಿ. ಕಿವಿಯದ್ದಕ್ಕೆ ಹಿಯರ್.”

“ಎರಡಕ್ಕೂ ಬೇರೆ ಬೇರೆ ಉಂಟಾ? ಜಾಗ್ರತೆಯ ಜನ” ಎಂದು ದೊಡ್ಡವ್ವ ಇಂಗ್ಲಿಷರ ಬಗ್ಗೆ ಮೊದಲ ಬಾರಿಗೆ ಒಂದು ಒಳ್ಳೆಯ ಮಾತಾಡಿದರು.

ಮಳೆಗಾಲ ಕಳೆಯುವಷ್ಟರಲ್ಲಿ ಅವರಿಗೆ ಇನ್ನೂರು ಶಬ್ದಗಳಾದರೂ ಬರುತ್ತಿದ್ದವು. ವ್ಯಾಕರಣ ಎಂಬುದು ಇರಲಿಲ್ಲ, ನಾಚಿಕೆ ಎಂಬುದಂತೂ ಮೊದಲೇ ಇರಲಿಲ್ಲ. ಪೋಸ್ಟ್‌ಮ್ಯಾನ್ ಬಂದರೆ “ಕಮ್, ಸಿಟ್, ವಾಟರ್?” ಎಂದು ವಿಚಾರಿಸುತ್ತಿದ್ದರು. ಪಾಪ, ಆತ ಸೈಕಲ್ಲು ಹಿಡಿದೇ ನಿಂತಿರುತ್ತಿದ್ದ. ನನ್ನ ಕತೆ ತಿರುಗುಮುರುಗು. ವ್ಯಾಕರಣವೆಲ್ಲ ಬರುತ್ತಿತ್ತು, ಬಾಯಿ ಮಾತ್ರ ಬರುತ್ತಿರಲಿಲ್ಲ. ಓದಿದ್ದೆ, ಬರೆದಿದ್ದೆ, ಪಾಸಾಗಿದ್ದೆ. ಒಂದೇ ಒಂದು ವಾಕ್ಯವನ್ನು ಯಾರೆದುರಿಗೂ ಗಟ್ಟಿಯಾಗಿ ಆಡಿರಲಿಲ್ಲ. ತಪ್ಪಾದರೆ ಎಂಬ ಹೆದರಿಕೆ. ದೊಡ್ಡವ್ವನಿಗೆ ಶಬ್ದಗಳನ್ನು ಒಂದೊಂದಾಗಿ ಹೇಳಿಕೊಡುತ್ತಿದ್ದೆನೇ ಹೊರತು ಅವನ್ನು ಪೋಣಿಸಿ ಆಡುವ ಧೈರ್ಯ ನನಗಿರಲಿಲ್ಲ.

ದೊಡ್ಡವ್ವನ ಸಾಕ್ಷಿಯ ದಿನ ಬಂತು. ಜವಾನ ಹೊರಗೆ ನಿಂತು “ಪೂವಮ್ಮಾ, ಪೂವಮ್ಮಾ, ಪೂವಮ್ಮಾ” ಎಂದು ಮೂರು ಸಲ ಕೂಗಿದ. ಒಂದನೆಯ ಕೂಗಿಗೇ ಎದುರಿಗೆ ನಿಂತಿದ್ದ ದೊಡ್ಡವ್ವ, “ಇಲ್ಲೇ ಇದ್ದೇನಲ್ಲ, ಕಿವಿಯ ಹತ್ತಿರ ಎಂತಕ್ಕೆ ಬೊಬ್ಬೆ?” ಎಂದು ಕೇಳಿ ಒಳಗೆ ಹೋದರು. ದೇವರ ಮೇಲೆ ಆಣೆ ಇಟ್ಟರು. ನಮ್ಮ ವಕೀಲರು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟರು. ಸುಬ್ಬಪ್ಪ ಗೌಡರು ಆಚೆಯ ಬೆಂಚಿನ ತುದಿಯಲ್ಲಿ ಕೂತು ತಮ್ಮ ಕೊಡೆಯ ಹಿಡಿಯನ್ನೇ ನೋಡುತ್ತಿದ್ದರು. ಆಮೇಲೆ ಅವರ ವಕೀಲರು ಎದ್ದರು. ಬಹಳ ನಯವಾದ ಮನುಷ್ಯ. ಸ್ವರದಲ್ಲಿ ಬೆಲ್ಲ.

“ಅಮ್ಮ, ಪ್ರತಿ ವರ್ಷ ನೀರು ಬಿಡುವ ಮೊದಲು ನಿಮ್ಮ ಮನೆಯಿಂದ ಒಬ್ಬರು ಮೇಲಿನ ಮನೆಗೆ ಹೋಗ್ತಿದ್ರು, ಅಲ್ವಾ?”

“ಹೌದು.”

“ಎಂತಕ್ಕೆ ಹೋಗ್ತಿದ್ರು?”

“ಹೇಳ್ಲಿಕ್ಕೆ. ನಾಳೆ ನೀರು ಬಿಡ್ತೇವೆ ಅಂತ.”

“ಹೇಳದೆ ಒಂದು ವರ್ಷವಾದರೂ ನೀರು ಬಿಟ್ಟದ್ದುಂಟಾ?”

“ಇಲ್ಲ. ಹೇಳದೆ ಹೇಗೆ ಬಿಡುದು? ಅವರ ಕರುಗಳು ಕಣಿಯ ಬದಿಯಲ್ಲೇ ಮೇಯ್ತಾ ಇರ್ತವೆ.”

ವಕೀಲರ ಮುಖ ಅರಳಿತು. ಜಡ್ಜರ ಕಡೆಗೆ ತಿರುಗಿ ಸರಸರನೆ ಇಂಗ್ಲಿಷಿನಲ್ಲಿ ಒಂದೆರಡು ವಾಕ್ಯ ಹೇಳಿದರು. ಪ್ರತಿ ವರ್ಷವೂ ಮೇಲಿನ ಮನೆಯವರ ಪರ್ಮಿಶನ್ ಪಡೆದೇ ನೀರು ತೆಗೆದುಕೊಳ್ಳುತ್ತಿದ್ದೆವೆಂದು ಸಾಕ್ಷಿ ಒಪ್ಪಿಕೊಂಡಿದ್ದಾಳೆ ಎಂಬುದು ಅದರ ಸಾರ. ಜಡ್ಜು ಪೆನ್ನು ಎತ್ತಿಕೊಂಡರು. ಹಿಂದಿನ ಬೆಂಚಿನಲ್ಲಿದ್ದ ನನಗೆ ಅದರ ಅರ್ಥ ಇನ್ನೂ ಆಗಿರಲಿಲ್ಲ. ನನ್ನ ಇಂಗ್ಲಿಷ್ ಆಗ ಹಾಗೆಯೇ, ಒಂದು ಬಸ್ಸು ತಡವಾಗಿ ಬರುತ್ತಿತ್ತು. ನಮ್ಮ ವಕೀಲರು ಏಳುವುದಕ್ಕೆ ಕುರ್ಚಿ ಹಿಂದಕ್ಕೆ ತಳ್ಳುತ್ತಿದ್ದರು. ಅಷ್ಟರಲ್ಲಿ ಕಟಕಟೆಯಿಂದ ಒಂದು ಸ್ವರ ಬಂತು.

“ನೋ!”

ಜಡ್ಜರ ಪೆನ್ನು ನಿಂತಿತು. ಗುಮಾಸ್ತರು ತಲೆ ಎತ್ತಿದರು.

“ನೋ ಪರ್ಮಿಶನ್” ಅಂದರು ದೊಡ್ಡವ್ವ, ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. “ಐ ಟೆಲ್. ಐ ನಾಟ್ ಆಸ್ಕ್. ಐ ಟೆಲ್, ಐ ಟೇಕ್ ವಾಟರ್. ಮೈ ವಾಟರ್.”

ಜಡ್ಜು ಕನ್ನಡಕ ತೆಗೆದು ಅವರನ್ನು ನೋಡಿದರು. ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ, “ಯು ನೋ ಇಂಗ್ಲಿಷ್, ಅಮ್ಮ?” ಎಂದು ಕೇಳಿದರು.

“ಲಿಟ್ಲ್” ಅಂದರು ದೊಡ್ಡವ್ವ. “ವಾಟರ್ ಇಂಗ್ಲಿಷ್ ಓನ್ಲಿ.”

ಇಡೀ ಕೋರ್ಟು ನಕ್ಕಿತು. ಆದರೆ ಈ ನಗು ಆವತ್ತಿನ ನಗುವಲ್ಲ. ದೊಡ್ಡವ್ವನಿಗೂ ಅದು ಗೊತ್ತಾಯಿತು, ಅವರೂ ಸ್ವಲ್ಪ ನಕ್ಕರು. ಆ ಕಡೆಯ ವಕೀಲರು ಮಾತ್ರ ಬಿಡಲಿಲ್ಲ. ಹಳ್ಳಿಯ ಮಾತಿನಲ್ಲಿ ಹೇಳುವುದೂ ಕೇಳುವುದೂ ಒಂದೇ, ಹೋಗಿ ಹೇಳಿದರೆಂದರೆ ಅಪ್ಪಣೆ ಬೇಡಿದಂತೆಯೇ ಎಂದು ವಾದಿಸಿದರು. ಜಡ್ಜು ಗುಮಾಸ್ತರ ಮೂಲಕ ಕೇಳಿಸಿದರು: “ಹೇಳುವುದಕ್ಕೂ ಕೇಳುವುದಕ್ಕೂ ಏನು ವ್ಯತ್ಯಾಸ ಎಂದು ನೀವೇ ಹೇಳಿ.”

ಈಗ ಇಂಗ್ಲಿಷ್ ಸಾಲದು. ದೊಡ್ಡವ್ವ ತಮ್ಮ ಮಾತಿಗೇ ಬಂದರು. “ಸ್ವಾಮಿ, ನನ್ನ ಗಂಡ ಇದ್ದಾಗ ದಿನಾ ಬೆಳಿಗ್ಗೆ ನನ್ನ ಹತ್ತಿರ ಹೇಳಿಯೇ ಗದ್ದೆಗೆ ಹೋಗ್ತಿದ್ರು. ನಾನು ಬೇಡ ಅಂದರೆ ನಿಲ್ತಿದ್ರಾ? ಗದ್ದೆ ಅವರದ್ದು. ನನಗೆ ಹೇಳುದು ಯಾಕೆ? ನಾನು ಅವರ ಮನೆಯವಳು, ಗೊತ್ತಿರ್ಲಿ ಅಂತ. ನೆರೆಕರೆಯವರ ಹತ್ತಿರ ಹೇಳುದೂ ಹಾಗೇ. ಅದು ಮರ್ಯಾದೆ. ಮರ್ಯಾದೆ ಕೊಟ್ಟದ್ದನ್ನು ಇವರು ಅಪ್ಪಣೆ ಅಂತ ಬರೆಸಿದರೆ ನಾಳೆಯಿಂದ ಊರಲ್ಲಿ ಯಾರು ಯಾರಿಗೆ ಮರ್ಯಾದೆ ಕೊಡ್ತಾರೆ?” ಸ್ವಲ್ಪ ತಡೆದು, “ನೀವು ಇವತ್ತು ಕೋರ್ಟಿಗೆ ಬರುವಾಗ ಮನೆಯಲ್ಲಿ ಹೇಳಿ ಬಂದದ್ದಾ, ಕೇಳಿ ಬಂದದ್ದಾ?” ಎಂದೂ ಸೇರಿಸಿದರು.

ಗುಮಾಸ್ತರು ಕೊನೆಯದನ್ನು ಇಂಗ್ಲಿಷ್ ಮಾಡುವುದೋ ಬೇಡವೋ ಎಂದು ಅನುಮಾನಿಸುತ್ತ ನಿಂತರು. ಬೇಕಾಗಲಿಲ್ಲ. ಜಡ್ಜರಿಗೆ ಬರುತ್ತಿದ್ದ ಅರ್ಧ ಕನ್ನಡದಲ್ಲಿ ಅದು ಸೇರಿತ್ತು. “ನಮ್ಮ ಮನೆಯಲ್ಲಿ ಅಮ್ಮ, ಕೇಳಿಯೇ ಬರಬೇಕು” ಎಂದು ಅವರು ತಮ್ಮ ತಮಿಳು ರಾಗದ ಕನ್ನಡದಲ್ಲಿ ಅಂದಾಗ ವಕೀಲರಿಬ್ಬರೂ ಶಿಸ್ತು ಮರೆತು ನಕ್ಕರು. ಆಮೇಲೆ ಜಡ್ಜು ಪೆನ್ನು ಹಿಡಿದು, ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಓದಿದರು. ನಾವು ಅವರಿಗೆ ತಿಳಿಸಿ ನೀರು ತೆಗೆದುಕೊಳ್ಳುತ್ತಿದ್ದೆವು, ಪರ್ಮಿಶನ್ ಎಂದೂ ಕೇಳಿದ್ದಿಲ್ಲ. ಓದಿ ಮುಗಿಸಿ ದೊಡ್ಡವ್ವನ ಕಡೆ ನೋಡಿದರು. ದೊಡ್ಡವ್ವ ಒಂದೊಂದು ಶಬ್ದವನ್ನೂ ತೂಗಿ ನೋಡಿದವರಂತೆ, “ಯೆಸ್” ಅಂದರು.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಯಾರು ಕಲಿಸಿದ್ದು ಎಂದು ಜಡ್ಜು ಕೇಳಿದರು, ದೊಡ್ಡವ್ವ ಹೆಮ್ಮೆಯಿಂದ ನನ್ನ ಕಡೆ ಬೆರಳು ತೋರಿಸಿದರು. ನಾನು ಎದ್ದು ನಿಂತೆ. ಜಡ್ಜು ಪ್ರೀತಿಯಿಂದ, “ವಾಟ್ ಈಸ್ ಯುವರ್ ನೇಮ್?” ಅಂದರು. ಆರನೆಯ ಕ್ಲಾಸಿನಿಂದ ನಾನು ಉತ್ತರ ಬರೆದು ಮಾರ್ಕು ತೆಗೆದ ಪ್ರಶ್ನೆ ಅದು. ನನ್ನ ಬಾಯಿಂದ ಬಂದದ್ದು, “ಎಸ್ಸೆಸ್ಸೆಲ್ಸಿ ಪಾಸ್, ಸರ್.”

“ವೆರಿ ಗುಡ್” ಅಂದರು ಜಡ್ಜು, ನನ್ನ ಹೆಸರು ಅದೇ ಎಂಬಂತೆ.

ಕೆಲವು ವಾರಗಳ ಮೇಲೆ ತೀರ್ಪು ಬಂತು. ಕಣಿಯ ಮೇಲೆ ದೊಡ್ಡವ್ವನದ್ದೇ ಹಕ್ಕು, ಕಲ್ಲು ತೆಗೆಯಬೇಕು, ಮುಂದೆ ಅಡ್ಡಿಪಡಿಸಬಾರದು. ತೀರ್ಪಿನ ನಕಲನ್ನು ದೊಡ್ಡವ್ವ ನನ್ನನ್ನು ಅಂಗಳದಲ್ಲಿ ಕೂರಿಸಿ ಓದಿಸಿದರು. ಕೇಳಲು ಅಪ್ಪ, ಅವ್ವ, ಗದ್ದೆಯ ಕೆಲಸದವರು, ಪೋಸ್ಟ್‌ಮ್ಯಾನ್ ಎಲ್ಲರೂ ಇದ್ದರು. ‘ಪ್ರಿಸ್ಕ್ರಿಪ್ಶನ್’ ಬಂದಾಗ ದೊಡ್ಡವ್ವ ನನ್ನನ್ನು ತಡೆದು, “ಅದು ಡಾಕ್ಟ್ರ ಚೀಟಿ ಅಲ್ಲ” ಎಂದು ಎಲ್ಲರಿಗೂ ತಿಳಿಹೇಳಿದರು. ರಾಜಿಯ ಮಾತಾಡಿದ್ದ ಅಪ್ಪ, “ಅತ್ತಿಗೆಗೆ ನಾನು ಆವಾಗಲೇ ಹೇಳಿದ್ದೆ, ಬಿಡಬಾರದು ಅಂತ” ಎಂದು ಪಕ್ಕದವರಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು.

ತೋಡಿಗೆ ಕಟ್ಟ ಹಾಕಿ ಮುಗಿದ ದಿನ ಸಂಜೆ ದೊಡ್ಡವ್ವ ಒಗೆದ ಸೀರೆ ಉಟ್ಟು, ನನ್ನನ್ನೂ ಕರೆದುಕೊಂಡು ಮೇಲಿನ ಮನೆಗೆ ಹತ್ತಿದರು. ಗೆದ್ದವರು ಯಾಕೆ ಹೋಗಬೇಕು ಎಂದು ನಾನು ಗೊಣಗುತ್ತಿದ್ದೆ. ಸುಬ್ಬಪ್ಪ ಗೌಡರು ಜಗಲಿಯಲ್ಲಿದ್ದರು. ಬನ್ನಿ ಅನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

“ನಾಳೆ ಬೆಳಿಗ್ಗೆ ನೀರು ಬಿಡ್ತೇವೆ” ಅಂದರು ದೊಡ್ಡವ್ವ.

ಸುಬ್ಬಪ್ಪ ಗೌಡರು ನೆಲ ನೋಡಿದರು. ಒಳಗಿನಿಂದ ಅವರ ಹೆಂಡತಿ ಬೆಲ್ಲ, ನೀರು ತಂದಿಟ್ಟು, “ಆಯ್ತು ಅಕ್ಕ. ಕರುಗಳನ್ನು ಕಟ್ಟಿಹಾಕ್ತೇನೆ” ಅಂದರು. ದೊಡ್ಡವ್ವ ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದು ಎದ್ದರು.

ಮರುದಿನ ಬೆಳಿಗ್ಗೆ ಗದ್ದೆಯ ಹುಣಿಯ, ಎಂದರೆ ಬದುವಿನ, ಮೇಲೆ ಊರಿನ ಅರ್ಧ ಜನ ನೆರೆದಿದ್ದರು. ಕಣಿಯ ಬಾಯಿಯಲ್ಲಿ ಕಲ್ಲು ಕೀಳಲು ಹೋದ ನಮ್ಮವರು, ಅಲ್ಲಿ ಆಗಲೇ ಯಾರೋ ಹಾರೆ ಹಿಡಿದು ನಿಂತಿರುವುದನ್ನು ಕಂಡು ದೂರದಲ್ಲೇ ನಿಂತರು. ಸುಬ್ಬಪ್ಪ ಗೌಡರು. ತಾವೇ ಹಾಕಿಸಿದ ಕಲ್ಲುಗಳನ್ನು ತಾವೇ ಒಂದೊಂದಾಗಿ ಎತ್ತಿ ಬದಿಗಿಡುತ್ತಿದ್ದರು. ಕೊನೆಯ ಕಲ್ಲು ತೆಗೆದು ಬೆನ್ನು ನೆಟ್ಟಗೆ ಮಾಡಿ, “ಪೂವಕ್ಕ, ಇಲ್ಲಿ ಕಣಿ ಕಿರಿದಾಯ್ತು. ನಾಳೆ ಆಳು ಕಳಿಸಿ, ಸ್ವಲ್ಪ ಅಗಲ ಮಾಡುವ” ಎಂದು ಮೇಲಿನಿಂದ ಕೂಗಿ ಹೇಳಿದರು.

ದೊಡ್ಡವ್ವ ಆಗಲಿ ಎಂದು ಕೈ ಎತ್ತಿ ತೋರಿಸಿದರು. ನಾವೆಲ್ಲ ಕಣಿಯನ್ನೇ ನೋಡುತ್ತಿದ್ದೆವು. ಮೊದಲು ಒಣ ಎಲೆಗಳ ಸರಸರ ಸದ್ದು ಬಂತು. ಆಮೇಲೆ ಕಸಕಡ್ಡಿಗಳನ್ನು ಮುಂದೆ ತಳ್ಳಿಕೊಂಡು, ಕೆಂಪು ನೊರೆ ಕಟ್ಟಿಕೊಂಡು, ತಿರುವಿನಲ್ಲಿ ಒಂದು ಕ್ಷಣ ಸಂಶಯಪಟ್ಟು, ಮತ್ತೆ ದಾರಿ ನೆನಪಾದ ಹಾಗೆ ನೀರು ಇಳಿದು ಬಂತು. ನನಗೆ ಏನಾಯಿತೋ ಗೊತ್ತಿಲ್ಲ. ಹುಣಿಯ ಮೇಲೆ ಓಡುತ್ತ, ಎರಡೂ ಕೈ ಮೇಲೆತ್ತಿ, ಆ ಗುಡ್ಡಕ್ಕೂ ಈ ಗುಡ್ಡಕ್ಕೂ ಕೇಳುವ ಹಾಗೆ ಕೂಗಿದೆ:

“ದಿ ವಾಟರ್ ಈಸ್ ಕಮಿಂಗ್!”

ನನ್ನ ಬಾಯಿಂದ ಗಟ್ಟಿಯಾಗಿ ಹೊರಟ ಮೊಟ್ಟಮೊದಲ ಇಂಗ್ಲಿಷ್ ವಾಕ್ಯ. ತಪ್ಪಿರಲಿಲ್ಲ, ಇದ್ದಿದ್ದರೂ ಚಿಂತೆ ಇರಲಿಲ್ಲ.

ಅಷ್ಟರಲ್ಲಿ ನೀರು ಗದ್ದೆಯೊಳಗೆ ಕಾಲಿಟ್ಟಾಗಿತ್ತು. ಬಿರುಕುಗಳೊಳಗೆ ಗುಳುಗುಳು ಎಂದು ಇಳಿಯುತ್ತಿತ್ತು. ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಗದ್ದೆಯ ನಡುವೆ ನಿಂತಿದ್ದ ದೊಡ್ಡವ್ವನ ಪಾದಗಳು ಒದ್ದೆಯಾದವು. ಅವರು ನನ್ನ ಕಡೆ ತಿರುಗಿದರು.

“ಕಮಿಂಗ್ ಅಂದ್ರೆ ಬರ್ತಾ ಉಂಟು ಅಂತ ಅಲ್ವಾ? ಇದು ಬಂದೇ ಆಯ್ತಲ್ಲ ಮಾರಾಯ್ತಿ. ಬಂತು ಅನ್ಲಿಕ್ಕೆ ಎಂತ ಹೇಳುದು?”

“ಹ್ಯಾಸ್ ಕಮ್, ದೊಡ್ಡವ್ವ.”

“ಹ್ಯಾಸ್ ಕಮ್” ಅಂದರು ದೊಡ್ಡವ್ವ. ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ. ಹುಣಿಯ ಮೇಲೆ ನಿಂತಿದ್ದ ಕೆಲಸದ ಹೆಂಗಸರಲ್ಲೊಬ್ಬಳು, ಏನೆಂದು ತಿಳಿಯದೆಯೇ, “ಹ್ಯಾಸ್ ಕಮ್!” ಎಂದು ಕೂಗಿದಳು. ಅಪ್ಪ ಕೂಗಿದರು, ಅವ್ವ ಕೂಗಿದಳು. ಮೂರು ಗದ್ದೆಗಳಲ್ಲೂ ಬಿಸಿಲು ಬಿದ್ದ ನೀರು ಹರಡುತ್ತಿತ್ತು, ನಾವೆಲ್ಲ ಒಟ್ಟಿಗೆ ಇಂಗ್ಲಿಷಿನಲ್ಲಿ ಬೊಬ್ಬೆ ಹೊಡೆಯುತ್ತಿದ್ದೆವು.